ಇಪ್ಪತ್ತೈದನೆಯ ತೀರ್ಥಂಕರ

ಜೈನ ಕರ್ಮಸಿದ್ಧಾಂತವು ನಗುವನ್ನೂ ಲೆಕ್ಕದ ಹೊರಗೆ ಬಿಟ್ಟಿಲ್ಲ. ಮೋಹನೀಯ ಕರ್ಮದಲ್ಲಿ ಹೇಳುವ ಒಂಬತ್ತು ನೋಕಷಾಯಗಳಲ್ಲಿ ಮೊದಲ ಹೆಸರೇ ಹಾಸ್ಯದ್ದು; ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳು ಅದರ ಹಿಂದೆ ಸಾಲುಗಟ್ಟುತ್ತವೆ. ತತ್ತ್ವಾರ್ಥಸೂತ್ರವು ಸತ್ಯವ್ರತಕ್ಕೆ ಬಲ ನೀಡುವ ಐದು ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯಗಳೊಡನೆ ಹಾಸ್ಯವನ್ನೂ ಬಿಡಬೇಕೆನ್ನುತ್ತದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಿಟ್ಟಿನಲ್ಲಿ ಸುಳ್ಳಾಡಿದವನು ಸಿಟ್ಟಿಳಿದ ಮೇಲಾದರೂ ಪಶ್ಚಾತ್ತಾಪಪಡುತ್ತಾನೆ. ತಮಾಷೆಗೆ ಸುಳ್ಳಾಡಿದವನಿಗೆ ತಾನು ಸುಳ್ಳಾಡಿದೆನೆಂಬ ಅರಿವೂ ಇರುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಕನ್ನಡದ ಜೈನಕವಿಗಳು ನಕ್ಕರು. ತುಟಿಯಂಚಿನ ನಗೆಯಲ್ಲ; ಊರೆಲ್ಲ ಕೇಳುವಂತೆ ನಕ್ಕರು. ಮುಳುಗುಂದದ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ಬರೆದನು. ಅದೇ ಶತಮಾನದಲ್ಲಿ ಬ್ರಹ್ಮಶಿವನು ‘ಸಮಯಪರೀಕ್ಷೆ’ಯನ್ನೂ, ಸುಮಾರು 1360ರಲ್ಲಿ ವೃತ್ತವಿಲಾಸನು ‘ಧರ್ಮಪರೀಕ್ಷೆ’ಯನ್ನೂ ಬರೆದರು. ಮನುಷ್ಯ ಏನನ್ನು ನಂಬುತ್ತಾನೆ, ಏಕೆ ನಂಬುತ್ತಾನೆ, ನಂಬಿದ ಮೇಲೆ ಎಷ್ಟು ಕುರುಡನಾಗುತ್ತಾನೆ ಎಂಬುದೇ ಈ ಮೂರರ ವಸ್ತು. ಇವುಗಳಿಗೆ ಸಿಕ್ಕಿರುವ ಓದು ಮಾತ್ರ ಸಮಾಧಾನಕರವಲ್ಲ. ಸಾಹಿತ್ಯಚರಿತ್ರಕಾರರು ಅವುಗಳಿಂದ ಅಂದಿನ ಸಮಾಜದ ಚಿತ್ರವನ್ನು ಹೆಕ್ಕಿ ತೆಗೆದರು. ಧರ್ಮಾಭಿಮಾನಿಗಳು ಪರಮತಗಳ ಸೋಲನ್ನು ಕಂಡು ಹಿಗ್ಗಿದರು. ಸೌಜನ್ಯದ ಆಧುನಿಕ ಓದುಗರು ಮುಜುಗರಪಟ್ಟು ಪುಸ್ತಕವನ್ನು ಕಪಾಟಿನ ಹಿಂದಿನ ಸಾಲಿಗೆ ತಳ್ಳಿದರು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರು ಇನ್ನೊಬ್ಬರ ನಂಬಿಕೆಯನ್ನು ಕಂಡು ನಗುವುದಕ್ಕೆ ಯಾವ ಅಪ್ಪಣೆಯಿಂದ ಹೊರಟರು ಎಂಬ ಮೂಲಪ್ರಶ್ನೆಗೆ ಈ ಮೂರು ಓದುಗಳಲ್ಲಿ ಒಂದೂ ಉತ್ತರಿಸುವುದಿಲ್ಲ.

ಮೂರರಲ್ಲಿ ಎರಡು ಕೃತಿಗಳ ಹೆಸರಿನಲ್ಲಿಯೇ ‘ಪರೀಕ್ಷೆ’ ಎಂಬ ಶಬ್ದವಿದೆ. ಉತ್ತರಕ್ಕೆ ದಾರಿ ಅಲ್ಲಿಂದಲೇ ತೆರೆಯುವಂತೆ ತೋರುತ್ತದೆ. ಪರೀಕ್ಷೆಯೆಂದರೇನೆಂದು ತಿಳಿಯಲು ಧಾರವಾಡದವರು ಶಾಸ್ತ್ರಗ್ರಂಥ ತೆರೆಯಬೇಕಾಗಿಲ್ಲ. ಹುಬ್ಬಳ್ಳಿಯ ಹಾದಿಯಲ್ಲಿರುವ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹಾಲು ಒಕ್ಕೂಟದ ಡೇರಿಯಿದೆ. ಅಲ್ಲಿಗೆ ಬರುವ ಹಾಲು ಮೊದಲು ಹಳ್ಳಿಯ ಸಂಘದಲ್ಲಿ ಅಳತೆಗೆ ಒಳಗಾಗಬೇಕು. ಕೊಬ್ಬಿನ ಅಂಶ ಎಷ್ಟು, ನೀರು ಬೆರೆತಿದೆಯೋ ಇಲ್ಲವೋ ಎಂದು ನೋಡಿದ ಮೇಲೆಯೇ ಹಣ. ಈ ಪರೀಕ್ಷೆಯಿಂದ ಯಾವ ರೈತನಿಗೂ ಅವಮಾನವಾಗುವುದಿಲ್ಲ, ಏಕೆಂದರೆ ಸಂಘದ ಅಧ್ಯಕ್ಷರ ಮನೆಯ ಹಾಲಿಗೂ ಅದೇ ಅಳತೆಗೋಲು. ಅಧ್ಯಕ್ಷರ ಕ್ಯಾನನ್ನು ಬಿಟ್ಟು ಉಳಿದವರದನ್ನು ಮಾತ್ರ ಅಳೆಯತೊಡಗಿದ ದಿನ ಅದು ಪರೀಕ್ಷೆಯಾಗಿ ಉಳಿಯದೆ ಬರಿಯ ಜಗಳವಾಗುತ್ತದೆ. ಮೂವರು ಕವಿಗಳನ್ನೂ ಈ ಒಂದು ಮಾನದಂಡದಿಂದ ನೋಡಿದರೆ ಅವರ ನಗೆಯ ಬೆಲೆ ತಿಳಿಯುತ್ತದೆ.

ವೃತ್ತವಿಲಾಸನ ಕೃತಿಗೆ ಆಧಾರ ಅಮಿತಗತಿಯು 1014ರಲ್ಲಿ ರಚಿಸಿದ ಸಂಸ್ಕೃತ ‘ಧರ್ಮಪರೀಕ್ಷಾ’. ಅದಕ್ಕೂ ಮುಂಚೆ, 988ರಲ್ಲಿ, ಹರಿಷೇಣನು ಅದೇ ಕಥೆಯನ್ನು ಅಪಭ್ರಂಶದಲ್ಲಿ ಹೇಳಿದ್ದನು. ಇವೆಲ್ಲಕ್ಕೂ ಹಿರಿಯದು ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಧೂರ್ತಾಖ್ಯಾನ’. ಈ ವಂಶವೃಕ್ಷವನ್ನು ವಿದ್ವತ್ತಿನಿಂದ ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ (1906-1975). ಧೂರ್ತಾಖ್ಯಾನದಲ್ಲಿ ಐವರು ವಂಚಕರು ಮಳೆಗಾಲದಲ್ಲಿ ಉಜ್ಜಯಿನಿಯ ಉದ್ಯಾನದಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ತಮ್ಮ ‘ಅನುಭವ’ವೊಂದನ್ನು ಹೇಳಬೇಕು, ಉಳಿದವರು ಅದು ಸಾಧ್ಯವೆಂದು ಪುರಾಣಗಳ ಸಾಕ್ಷಿಯಿಂದ ಸಮರ್ಥಿಸಬೇಕು, ನಂಬದೆ ಹೋದವನು ಎಲ್ಲರಿಗೂ ಊಟ ಹಾಕಬೇಕು. ಆನೆಗೆ ಹೆದರಿ ಕಮಂಡಲುವಿನೊಳಗೆ ಹೊಕ್ಕೆನು, ಆನೆಯೂ ಹಿಂದೆಯೇ ಬಂದಿತು, ಆರು ತಿಂಗಳು ಒಳಗೇ ಅಟ್ಟಾಡಿಸಿತು ಎನ್ನುತ್ತಾನೆ ಮೂಲದೇವ. ಮಿಕ್ಕವರು ಕಣ್ಣು ಮಿಟುಕಿಸದೆ ಇದಕ್ಕೂ ದೊಡ್ಡ ಪವಾಡಗಳನ್ನು ಪುರಾಣದಿಂದ ತೆಗೆದು ತೋರಿಸುತ್ತಾರೆ. ಕೊನೆಗೆ ನಾಲ್ವರು ಗಂಡಸರನ್ನೂ ಸೋಲಿಸುವವಳು ಖಂಡಪಾನೆ ಎಂಬ ಹೆಂಗಸು. ನೀವೆಲ್ಲ ನನ್ನ ಮನೆಯಿಂದ ಓಡಿಹೋದ ಆಳುಗಳು ಎನ್ನುತ್ತಾಳೆ ಅವಳು. ನಂಬಿದರೆ ಆಳುಗಳಾಗಬೇಕು, ನಂಬದಿದ್ದರೆ ಊಟ ಹಾಕಬೇಕು. ಎಲ್ಲವನ್ನೂ ನಂಬುವೆನೆಂದು ಪಣ ಕಟ್ಟಿದವನ ಗತಿಯನ್ನು ಇಷ್ಟು ಸೊಗಸಾಗಿ ಹೇಳಿದ ಕಥೆ ಇನ್ನೊಂದು ಸಿಗುವುದು ಕಷ್ಟ.

ಧರ್ಮಪರೀಕ್ಷೆಯಲ್ಲಿ ಈ ವಂಚಕರ ಜಾಗಕ್ಕೆ ಇಬ್ಬರು ವಿದ್ಯಾಧರ ಗೆಳೆಯರು ಬರುತ್ತಾರೆ. ಮನೋವೇಗನು ಜಿನಭಕ್ತ, ಪವನವೇಗನು ಅಲ್ಲ. ಗೆಳೆಯನನ್ನು ತನ್ನ ದಾರಿಗೆ ತರಲು ಮನೋವೇಗನು ಅವನನ್ನು ಪಾಟಲೀಪುತ್ರದ ವಾದಶಾಲೆಗೆ ಕರೆದೊಯ್ದು, ಅಲ್ಲಿನ ಪಂಡಿತರ ಮುಂದೆ ಅಸಂಭವವಾದ ಕಥೆಗಳನ್ನು ಹೇಳಿ, ಅವರು ನಕ್ಕಾಗ ಅವರದೇ ಪುರಾಣಗಳನ್ನು ಎದುರಿಗಿಡುತ್ತಾನೆ. ತಂತ್ರ ಚೆನ್ನಾಗಿದೆ. ಆದರೆ ಹರಿಭದ್ರನ ಕಥೆಯ ಸ್ವಾರಸ್ಯ ಇಲ್ಲಿ ಒಂದು ಮಟ್ಟಿಗೆ ತಗ್ಗಿದೆ. ಅಲ್ಲಿ ಹೇಳುವವನೂ ಕೇಳುವವನೂ ಧೂರ್ತರು. ಇಲ್ಲಿ ಹೇಳುವವನು ಜಾಣ, ಕೇಳುವವರು ಮಾತ್ರ ದಡ್ಡರು. ಗೆಲ್ಲುವವನು ಮೊದಲೇ ಗೊತ್ತಿರುವ ಪಂದ್ಯದಲ್ಲಿ ನಗು ಬೇಗ ದಣಿಯುತ್ತದೆ. ಜೈನಪುರಾಣಗಳಲ್ಲಿ ಬರುವ ಆಯುಷ್ಯದ ಲೆಕ್ಕ, ದೇಹದ ಎತ್ತರ, ದ್ವೀಪಸಮುದ್ರಗಳ ವಿಸ್ತಾರ ಇವುಗಳನ್ನು ಹಿಡಿದುಕೊಂಡು ಪಾಟಲೀಪುತ್ರದ ಪಂಡಿತನೊಬ್ಬ ಎದ್ದು ನಿಂತಿದ್ದರೆ ಮನೋವೇಗನು ಏನು ಹೇಳುತ್ತಿದ್ದನು? ಅಂಥವನು ಏಳದಂತೆ ಕವಿ ನೋಡಿಕೊಂಡಿದ್ದಾನೆ.

ಆದರೂ ಈ ಪರಂಪರೆಯನ್ನು ಎತ್ತಿಹಿಡಿಯುವ ಭಾಗವೊಂದಿದೆ, ಅದು ಪುರಾಣಖಂಡನೆಯಲ್ಲ. ಅಮಿತಗತಿಯು ವಾದಕ್ಕೆ ಅನರ್ಹರಾದ ಹತ್ತು ಬಗೆಯ ಮೂಢರನ್ನು ಕಥೆಗಳಲ್ಲಿ ವಿವರಿಸುತ್ತಾನೆ. ಒಬ್ಬ ಹುಟ್ಟುಕುರುಡ ರಾಜಕುಮಾರನಿದ್ದಾನೆ. ಕೇಳಿದವರಿಗೆಲ್ಲ ಮೈಮೇಲಿನ ಒಡವೆಗಳನ್ನು ಕೊಟ್ಟುಬಿಡುತ್ತಾನೆ. ಬೊಕ್ಕಸ ಬರಿದಾಗುವುದೆಂದು ಹೆದರಿದ ಮಂತ್ರಿ ಕಬ್ಬಿಣದ ಒಡವೆಗಳನ್ನು ಮಾಡಿಸಿ ತೊಡಿಸುತ್ತಾನೆ. ಇವು ವಂಶಪಾರಂಪರ್ಯವಾಗಿ ಬಂದ ಆಭರಣಗಳು, ಯಾರಿಗೂ ಕೊಡಬೇಡ, ಇವು ಕಬ್ಬಿಣ ಎಂದವನ ತಲೆಯ ಮೇಲೆ ಈ ದೊಣ್ಣೆಯಿಂದ ಹೊಡೆ ಎಂದು ಕೈಗೊಂದು ದೊಣ್ಣೆಯನ್ನೂ ಕೊಡುತ್ತಾನೆ. ಅಂದಿನಿಂದ ರಾಜಕುಮಾರನು ನಿಜ ಹೇಳಿದವರನ್ನೆಲ್ಲ ಹೊಡೆಯುತ್ತ ಕೂರುತ್ತಾನೆ. ಈ ಕಥೆಯಲ್ಲಿ ಯಾವ ಮತದ ಹೆಸರೂ ಇಲ್ಲ. ಕುರುಡು, ಪರಂಪರೆಯ ಹೆಮ್ಮೆ, ಕೈಯಲ್ಲಿ ದೊಣ್ಣೆ, ಇವು ಮೂರೂ ಸೇರಿದ ಮನುಷ್ಯ ಎಲ್ಲ ಮನೆಗಳಲ್ಲಿಯೂ ಇದ್ದಾನೆ.

ಇನ್ನೊಬ್ಬ ಮೂಢನ ಕಥೆ ಹಾಲಿನದು. ವರ್ತಕನೊಬ್ಬ ಹಸುವಿನೊಡನೆ ದ್ವೀಪಕ್ಕೆ ಹೋಗಿ ಅಲ್ಲಿನ ಒಡೆಯನಿಗೆ ಹಾಲಿನಿಂದ ಮಾಡಿದ ಸವಿಯನ್ನು ಅರ್ಪಿಸುತ್ತಾನೆ. ಇದು ಎಲ್ಲಿಂದ ಬಂದಿತೆಂದು ಕೇಳಿದರೆ ತನ್ನ ಕುಲದೇವತೆ ಕೊಡುತ್ತಾಳೆ ಎನ್ನುತ್ತಾನೆ. ಒಡೆಯನು ಅಪಾರ ಧನ ಕೊಟ್ಟು ‘ದೇವತೆ’ಯನ್ನು ಕೊಳ್ಳುತ್ತಾನೆ, ಅವಳ ಮುಂದೆ ಪಾತ್ರೆಯಿಟ್ಟು ಕೊಡು ಎನ್ನುತ್ತಾನೆ. ಹಸು ಸುಮ್ಮನೆ ನಿಂತಿರುತ್ತದೆ. ಬೇಸತ್ತು ಅದನ್ನು ಹೊರಗಟ್ಟುತ್ತಾನೆ. ಹಾಲು ಬೇಕಾದರೆ ಕರೆಯಬೇಕೆಂದು ಲಕಮನಹಳ್ಳಿಯ ಡೇರಿಗೆ ಹಾಲು ಕಳಿಸುವ ಹಳ್ಳಿಯ ಮಗುವಿಗೂ ಗೊತ್ತು. ಆದರೆ ಸ್ವಾಧ್ಯಾಯವಿಲ್ಲದೆ, ವ್ರತವಿಲ್ಲದೆ, ಬಸದಿಯ ಮುಂದೆ ಪಾತ್ರೆಯಿಟ್ಟು ಕೊಡು ಎಂದು ಕಾಯುವವರ ಸಾಲಿನಲ್ಲಿ ಜೈನರು ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಬ್ರಹ್ಮಶಿವನ ವಿಷಯ ಬೇರೆ. ಅವನ ಕೃತಿ ಹನ್ನೆರಡನೆಯ ಶತಮಾನದ ಜನರ ನಂಬಿಕೆಗಳ ದೊಡ್ಡ ಪಟ್ಟಿ. ನದೀಸ್ನಾನ, ಮರ ಕಲ್ಲುಗಳ ಪೂಜೆ, ಗ್ರಾಮದೇವತೆಗಳು, ಪುರಾಣದ ದೇವರುಗಳು, ಯಾವುದನ್ನೂ ಅವನು ಬಿಡುವುದಿಲ್ಲ. ಸಂಶೋಧಕರಿಗೆ ಅದೊಂದು ಭಂಡಾರವೇ ಸರಿ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆಗಳು ಅವನ ಆಯುಧಗಳು. ಆದರೆ ಆಚಾರ್ಯರು ಕೆಲವೇ ಮಾತುಗಳಲ್ಲಿ ಶ್ರಾವಕನಿಗೆ ಹೇಳಿದ ಎಚ್ಚರಿಕೆ ಬ್ರಹ್ಮಶಿವನ ಕೈಯಲ್ಲಿ ಎದುರು ಬಣದವರಿಗೆ ಎಸೆಯುವ ಕಲ್ಲಾಯಿತು. ವರವನ್ನು ಬಯಸಿ ರಾಗದ್ವೇಷಗಳುಳ್ಳ ದೇವತೆಗಳನ್ನು ಪೂಜಿಸುವುದೇ ದೇವಮೂಢತೆಯೆಂಬ ಮಾತು ಶ್ರಾವಕನ ಮನೆಯೊಳಗೆ ಆಡಿದ ಮಾತು. ಹೊಂಬುಜದ ಪದ್ಮಾವತಿಗೂ ಸಿಂಹನಗದ್ದೆಯ ಜ್ವಾಲಾಮಾಲಿನಿಗೂ ಸಂತಾನಕ್ಕಾಗಿ, ವ್ಯಾಪಾರಕ್ಕಾಗಿ, ಮೊಕದ್ದಮೆಗಾಗಿ ಹರಕೆ ಹೊರುವ ಕುಟುಂಬಗಳು ಆ ಮಾತನ್ನು ಮತ್ತೊಮ್ಮೆ ಕೇಳಿಸಿಕೊಂಡರೆ ಸುಖವಾಗಿರಲಾರದು. ಬ್ರಹ್ಮಶಿವನನ್ನು ಓದಿ ಎದುರುಮನೆಯವರ ಕಲ್ಲುದೇವರನ್ನು ಕಂಡು ನಗುವುದು ಅದಕ್ಕಿಂತ ಬಹಳ ಸುಲಭ.

ಬದುಕು ಬ್ರಹ್ಮಶಿವನ ಮಾತು ಕೇಳಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬಹುದು. ಲಕಮನಹಳ್ಳಿಯಿಂದ ಅದೇ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಸತ್ತೂರಿನಲ್ಲಿ ರೋಗಿಗಳು ಸಾಲುಗಟ್ಟುವ ಆಸ್ಪತ್ರೆಗೆ ಮಂಜುನಾಥೇಶ್ವರನ ಹೆಸರಿದೆ. ಆ ಶಿವನ ಕ್ಷೇತ್ರವಾದ ಧರ್ಮಸ್ಥಳದ ಧರ್ಮಾಧಿಕಾರಿಗಳ ಮನೆತನ ಜೈನ. ಪೂಜೆ ಮಾಡುವವರು ವೈಷ್ಣವ ಅರ್ಚಕರು. ‘ಸಮಯಪರೀಕ್ಷೆ’ಯ ಕರ್ತೃ ಇದನ್ನು ಕಂಡಿದ್ದರೆ ಇನ್ನೊಂದು ಅಧಿಕಾರವನ್ನೇ ಬರೆಯುತ್ತಿದ್ದನೇನೋ! ಕರ್ನಾಟಕದ ಜೈನರು ಅದನ್ನು ಪರೀಕ್ಷೆಗೆ ಹಚ್ಚದೆ ಬಾಳಿದರು. ಅದರಲ್ಲಿ ಅನೇಕಾಂತದ ವಿವೇಕವನ್ನು ಕಾಣುವುದು ಅತಿಶಯೋಕ್ತಿಯಲ್ಲ.

ನಯಸೇನನಲ್ಲಿ ಈ ಪರಂಪರೆ ಅತ್ಯಂತ ಸಜೀವವಾಗಿದೆ. ಹುಬ್ಬಳ್ಳಿ-ಧಾರವಾಡದವರು ಒಂದೇ ದಿನದಲ್ಲಿ ಹೋಗಿಬರಬಹುದಾದ ಮುಳುಗುಂದ, 1997ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ ಧಾರವಾಡ ಜಿಲ್ಲೆಯದೇ ಊರು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, 902ರ ಶಾಸನವೊಂದು ಅಲ್ಲಿ ಚೀಕಾರ್ಯನೆಂಬ ವೈಶ್ಯನು ಜಿನಾಲಯ ಕಟ್ಟಿಸಿದ್ದನ್ನು ಹೇಳುತ್ತದೆ. ವ್ಯಾಪಾರಿಗಳ ಊರಿನ ಕವಿಯ ಕಥೆಗಳಲ್ಲಿ ಸೆಟ್ಟರು, ಸಾರ್ಥಗಳು, ಕಳ್ಳರು ತುಂಬಿರುವುದು ಸಹಜ. ಸಂಸ್ಕೃತವನ್ನು ಕನ್ನಡಕ್ಕೆ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಛೇಡಿಸಿದವನು ಇವನೇ. ಹಾಗೆಂದು ಅವನ ಚಂಪುವಿನಲ್ಲಿ ಸಂಸ್ಕೃತ ಕಡಮೆಯೇನಿಲ್ಲ. ಡೇರಿಯ ಪರೀಕ್ಷಕರ ಕೈಗೆ ‘ಧರ್ಮಾಮೃತ’ವನ್ನು ಕೊಟ್ಟಿದ್ದರೆ ಪೂರ್ತಿ ಹಣ ಸಿಗುತ್ತಿರಲಿಲ್ಲ. ಒಂದು ಮಾತು ಸಾಲುವಲ್ಲಿ ಹತ್ತು ಉಪಮೆಗಳನ್ನು ಸುರಿಯುವ ಚಪಲವೂ ಅವನಿಗುಂಟು. ಆದರೆ ಆ ಉಪಮೆಗಳು ಕೊಟ್ಟಿಗೆ, ಹೊಲ, ಸಂತೆಗಳಿಂದ ಬಂದವು. ಅವುಗಳ ಹೊಡೆತ ತಪ್ಪುವುದಿಲ್ಲ.

ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು ಎಂಬ ಕ್ರಮದಲ್ಲಿ ಹದಿನಾಲ್ಕು ಕಥೆಗಳನ್ನು ನಯಸೇನನು ಹೇಳುತ್ತಾನೆ. ಹೆಸರುವಾಸಿಯಾದದ್ದು ವಸುಭೂತಿಯ ಕಥೆ. ದಯಾಮಿತ್ರಸೆಟ್ಟಿಯ ಸಾರ್ಥದೊಡನೆ ಹೊರಟ ಈ ಬ್ರಾಹ್ಮಣನು ಹೊನ್ನಿನ ಆಸೆಗೆ ಜಿನಮುನಿಯ ವೇಷ ತೊಡುತ್ತಾನೆ. (ತೊಡುವುದೆಂದರೆ ಇಲ್ಲಿ ಕಳಚುವುದು.) ಕಡೆಗೆ ಕಳ್ಳರ ದಾಳಿಯಲ್ಲಿ ಸಾಯುವ ಹೊತ್ತಿಗೆ ನಟನೆಯೇ ನಿಜವಾಗಿ, ನಂಬಿಕೆ ನೆಲೆಗೊಂಡು, ದೇವನಾಗಿ ಹುಟ್ಟುತ್ತಾನೆ. ಇದನ್ನು ಬ್ರಾಹ್ಮಣನ ದುರಾಸೆಯ ಗೇಲಿಯೆಂದು ಓದುವುದು ರೂಢಿ. ಆ ಓದು ಅರ್ಧ ಮಾತ್ರ. ಮುನಿಯ ವೇಷದಿಂದ ಹೊನ್ನು ಸಿಗುತ್ತದೆಂಬುದು ವಸುಭೂತಿಗೆ ಹೊಳೆದದ್ದು ಶ್ರಾವಕರ ನಡುವೆ ಇದ್ದಾಗ. ವೇಷಕ್ಕೆ ಬೆಲೆಯಿರುವ ಕಡೆಗೆ ವೇಷಧಾರಿಗಳು ಬರುತ್ತಾರೆ. ಕಥೆಯ ನಗು ಬ್ರಾಹ್ಮಣನನ್ನು ದಾಟಿ ಸಾರ್ಥದ ಸೆಟ್ಟರ ಮೇಲೂ ಬೀಳುತ್ತದೆ.

ಇದಕ್ಕಿಂತ ದೊಡ್ಡದು ರೇವತಿಯ ಕಥೆ. ಅಮೂಢದೃಷ್ಟಿಗೆ ನಿದರ್ಶನವಾಗಿ ಪರಂಪರೆಯಿಂದ ಬಂದದ್ದು. ದಕ್ಷಿಣ ಮಧುರೆಯ ಗುಪ್ತಮುನಿಗಳು ಉತ್ತರ ಮಧುರೆಗೆ ಹೊರಟ ಕ್ಷುಲ್ಲಕ ಚಂದ್ರಪ್ರಭನ ಕೈಯಲ್ಲಿ ಸುವ್ರತಮುನಿಗಳಿಗೆ ವಂದನೆಯನ್ನೂ ರೇವತೀರಾಣಿಗೆ ಆಶೀರ್ವಾದವನ್ನೂ ಕಳಿಸುತ್ತಾರೆ. ಹನ್ನೊಂದು ಅಂಗಗಳನ್ನು ಬಲ್ಲ ಭವ್ಯಸೇನಮುನಿಯ ಹೆಸರನ್ನೇ ಎತ್ತುವುದಿಲ್ಲ. ವಿದ್ಯಾಧರನಾದ ಕ್ಷುಲ್ಲಕನಿಗೆ ಕುತೂಹಲ. ಭವ್ಯಸೇನನೊಡನೆ ಹೊರಟು ದಾರಿಯ ತುಂಬ ಮಾಯೆಯಿಂದ ಹಸುರು ಮೊಳಕೆಗಳನ್ನು ಎಬ್ಬಿಸುತ್ತಾನೆ. ಇವು ಜೀವಗಳೆಂದು ಆಗಮದಲ್ಲಿ ಹೇಳಿದೆ ಎಂದುಕೊಳ್ಳುತ್ತಲೇ ಪಂಡಿತಮುನಿ ಅವುಗಳನ್ನು ತುಳಿದು ಹೋಗುತ್ತಾನೆ. ಆಮೇಲೆ ರಾಣಿಯ ಸರದಿ. ಒಂದು ದಿಕ್ಕಿನಲ್ಲಿ ಬ್ರಹ್ಮ, ಇನ್ನೊಂದರಲ್ಲಿ ವಿಷ್ಣು, ಮತ್ತೊಂದರಲ್ಲಿ ಶಿವ ಕಾಣಿಸಿಕೊಳ್ಳುತ್ತಾರೆ. ಊರೆಲ್ಲ ಓಡುತ್ತದೆ, ರೇವತಿ ಹೋಗುವುದಿಲ್ಲ. ನಾಲ್ಕನೆಯ ದಿಕ್ಕಿನಲ್ಲಿ ಸಮವಸರಣವೇ ಇಳಿಯುತ್ತದೆ, ನಡುವೆ ತೀರ್ಥಂಕರ. ಶ್ರಾವಕರೂ ಓಡುತ್ತಾರೆ. ರೇವತಿ ಆಗಲೂ ಏಳುವುದಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರು, ಅವರೆಲ್ಲ ಆಗಿಹೋದರು, ಈತ ಇಪ್ಪತ್ತೈದನೆಯವನು ಎಲ್ಲಿಂದ ಬಂದ ಎಂಬುದು ಅವಳ ಪ್ರಶ್ನೆ.

ಮೊದಲ ಮೂರು ದಿಕ್ಕುಗಳಿಗೆ ಹೋಗದಿರಲು ಅಂಥ ವಿವೇಕವೇನೂ ಬೇಡ, ಮತಾಭಿಮಾನ ಸಾಕು. ಆ ಮೂರಕ್ಕೇ ಕಥೆ ನಿಂತಿದ್ದರೆ ಅದು ಬ್ರಹ್ಮಶಿವನ ಮಟ್ಟದಲ್ಲಿಯೇ ಉಳಿಯುತ್ತಿತ್ತು. ನಾಲ್ಕನೆಯ ದಿಕ್ಕು ಎಲ್ಲವನ್ನೂ ಬದಲಿಸುತ್ತದೆ. ತನಗೆ ಅತ್ಯಂತ ಪ್ರಿಯವಾದ ರೂಪವೇ, ಪ್ರಾತಿಹಾರ್ಯಗಳೊಡನೆ, ಹೊಸ್ತಿಲಿಗೆ ಬಂದಾಗಲೂ ಲೆಕ್ಕ ತಪ್ಪದ ಹೆಣ್ಣು ಅವಳು. ಸುಳ್ಳು ಪರಮತದಲ್ಲಿರುವಾಗ ಗುರುತಿಸುವುದು ಯಾರಿಗೂ ಬರುತ್ತದೆ. ತನ್ನ ದೇವರ ಮುಖ ಹೊತ್ತು ಬಂದಾಗ ಗುರುತಿಸಿದವಳು ಇಡೀ ಊರಿಗೆ ಒಬ್ಬಳೇ. ಅವಳಲ್ಲಿ ಸಿಟ್ಟಿಲ್ಲ, ವಾದವಿಲ್ಲ, ಯಾರನ್ನೂ ಅವಳು ಹಂಗಿಸುವುದಿಲ್ಲ. ಎಣಿಸಿ ನೋಡಿ ಮನೆಯಲ್ಲಿ ಕೂರುತ್ತಾಳೆ, ಅಷ್ಟೇ.

ಇಲ್ಲೊಂದು ತೊಡಕೂ ಇದೆ. ಮೊದಲ ಅಂಗವಾದ ನಿಃಶಂಕಿತಕ್ಕೆ ನಿದರ್ಶನ ಅಂಜನಚೋರ. ಆಯುಧಗಳ ಮೇಲೆ ತೂಗುವ ಸಿಕ್ಕದಲ್ಲಿ ಕುಳಿತು, ಜಿನದತ್ತನು ಹೇಳಿದನೆಂಬ ಮಂತ್ರವನ್ನು ಮತ್ತೊಬ್ಬನ ಬಾಯಿಂದ ಕೇಳಿ, ಎಲ್ಲ ಹಗ್ಗಗಳನ್ನೂ ಒಂದೇ ಏಟಿಗೆ ಕತ್ತರಿಸಿದವನು ಅವನು. ಅವನಿಗೆ ಶಂಕೆಯಿಲ್ಲದ್ದು ಗುಣ. ರೇವತಿಗೆ ಶಂಕೆ ಬಂದದ್ದು ಗುಣ. ಒಂದೇ ಗ್ರಂಥದಲ್ಲಿ ಈ ಎರಡು ಹೇಗೆ ಹೊಂದಿಕೊಳ್ಳುತ್ತವೆ? ನಯಸೇನನು ವಿವರಿಸುವ ಗೋಜಿಗೆ ಹೋಗಿಲ್ಲ. ಜಿನದತ್ತನಂಥವನು ಸುಳ್ಳಾಡಲಾರನೆಂಬ ಆಧಾರ ಕಳ್ಳನಿಗಿತ್ತು, ಇಪ್ಪತ್ತನಾಲ್ಕು ಎಂಬ ಆಧಾರ ರಾಣಿಗಿತ್ತು ಎಂದು ಹೇಳಿ ಸಮನ್ವಯ ಮಾಡಬಹುದು. ಆದರೆ ಬಾಳಿನಲ್ಲಿ ಎಲ್ಲಿ ಹಗ್ಗ ಕತ್ತರಿಸಬೇಕು, ಎಲ್ಲಿ ಮನೆಯಲ್ಲಿ ಕೂರಬೇಕು ಎಂಬುದು ಈ ಸಮನ್ವಯದಿಂದ ತಿಳಿಯುವುದಿಲ್ಲ.

ಸ್ವಂತ ಮನೆಯ ಲೆಕ್ಕ ಕೇಳುವುದು ಎಷ್ಟು ಕಷ್ಟವೆಂಬುದಕ್ಕೆ ಧಾರವಾಡವೇ ಸಾಕ್ಷಿಯಾಗಿದೆ. ಡಾ. ಎಂ. ಎಂ. ಕಲಬುರ್ಗಿಯವರು ತಮ್ಮದೇ ಸಮುದಾಯದ ಇತಿಹಾಸವನ್ನು ಶೋಧಿಸಿ ಬರೆದುದಕ್ಕಾಗಿ 1989ರಲ್ಲಿ ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಕಬ್ಬಿಣವನ್ನು ಕಬ್ಬಿಣವೆಂದವನ ತಲೆಗೆ ದೊಣ್ಣೆ ಬೀಳುವ ಕಥೆಯನ್ನು ಆ ಊರಿನವರು ಇನ್ನು ಬರಿಯ ಹಾಸ್ಯವೆಂದು ಓದಲಾರರು.

ಜೈನ ಸಮಾಜದೊಳಗೆ ಲೆಕ್ಕ ಕೇಳುವವನ ಬಾಯಿ ಮುಚ್ಚಿಸಲು ದೊಣ್ಣೆ ಬೇಕಾಗಿಲ್ಲ. ‘ಉಪಗೂಹನ’ ಎಂಬ ಒಂದು ಶಬ್ದ ಸಾಕು. ಅದು ಐದನೆಯ ಅಂಗ: ಧರ್ಮಮಾರ್ಗದಲ್ಲಿರುವವರ ದೋಷವನ್ನು ಬಯಲು ಮಾಡದೆ ಮರೆಮಾಚುವುದು. ತ್ಯಾಗಿಯೊಬ್ಬನ ನಡತೆ ಕೆಟ್ಟಾಗ, ಬಸದಿಯ ಹಣ ದಾರಿ ತಪ್ಪಿದಾಗ ಹಿರಿಯರು ಈ ಅಂಗವನ್ನೇ ನೆನಪಿಸುತ್ತಾರೆ. ಪ್ರವಚನಗಳಲ್ಲಿ ಅದಕ್ಕೆ ಬರುವ ನಿದರ್ಶನ ತಾಮ್ರಲಿಪ್ತಿಯ ಜಿನೇಂದ್ರಭಕ್ತಸೆಟ್ಟಿ. ಅವನ ಮನೆಯ ಜಿನಬಿಂಬದ ಮುಕ್ಕೊಡೆಯಲ್ಲಿ ವೈಡೂರ್ಯವಿತ್ತು. ಅದನ್ನು ಕದಿಯಲು ಕಳ್ಳನೊಬ್ಬ ಕ್ಷುಲ್ಲಕನಾಗಿ ಬಂದ; ಸೆಟ್ಟಿ ಅವನನ್ನೇ ಕಾವಲಿಗಿಟ್ಟ. ರಾತ್ರಿ ರತ್ನ ಹಿಡಿದು ಓಡುವಾಗ ಅದರ ಬೆಳಕಿನಿಂದಲೇ ಕಾವಲುಗಾರರ ಕಣ್ಣಿಗೆ ಬಿದ್ದ. ಬೆನ್ನಟ್ಟಿದಾಗ ಸೆಟ್ಟಿಯ ಕಾಲಿಗೇ ಬಂದು ಬಿದ್ದ. ಸೆಟ್ಟಿ ಕಾವಲುಗಾರರಿಗೆ ಹೇಳಿದ್ದು ಇಷ್ಟು: ರತ್ನವನ್ನು ತರಲು ನಾನೇ ಹೇಳಿದ್ದೆ, ತಪಸ್ವಿಯನ್ನು ಕಳ್ಳನೆಂದು ನೀವು ತಪ್ಪು ಮಾಡಿದಿರಿ.

ಪ್ರವಚನಗಳು ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತವೆ. ಈ ಮಾತು ಸುಳ್ಳು, ಹೇಳಿದವನು ಸತ್ಯಾಣುವ್ರತಿ ಎಂಬ ಇರುಸುಮುರುಸು ಹಾಗೆಯೇ ಉಳಿಯುತ್ತದೆ. ಅದನ್ನು ನಿವಾರಿಸಲು ಟೀಕಾಕಾರರ ಜಾಣ್ಮೆಯೂ ಸಾಲದು. ಆದರೆ ಕಥೆ ಅಲ್ಲಿಗೆ ನಿಂತಿಲ್ಲ. ಕಾವಲುಗಾರರು ನಮಸ್ಕರಿಸಿ ಹೋದ ಮೇಲೆ, ಬೆಳಗಾಗುವುದಕ್ಕೆ ಕಾಯದೆ, ಸೆಟ್ಟಿಯು ಆ ಕ್ಷುಲ್ಲಕನನ್ನು ಅದೇ ರಾತ್ರಿ ಮನೆಯಿಂದ ಹೊರಗೆ ಅಟ್ಟಿದನು. ವೈಡೂರ್ಯವನ್ನು ಅವನ ಕೈಯಲ್ಲಿ ಬಿಡಲಿಲ್ಲ, ಮತ್ತೆ ಕಾವಲಿಗೂ ಇಡಲಿಲ್ಲ.